ತಲೆ ತುಂಬಾ ಯೋಚ್ನೆ ಓಡ್ತಿದ್ರೆ ಏನ್ ಮಾಡೋದು: ಮೈಂಡ್‌ಫುಲ್‌ನೆಸ್ ಅಭ್ಯಾಸ, ಹಂತ ಹಂತವಾಗಿ

ರಾತ್ರಿ ಲೈಟ್ ಆಫ್ ಮಾಡಿ ದಿಂಬಿಗೆ ತಲೆ ಇಟ್ಟ ಮೇಲೆ ಶುರುವಾಗುತ್ತಲ್ಲ ಯೋಚ್ನೆ, ಅದರ ಬಗ್ಗೆ ಬರೀತಿದೀನಿ. ಮನೆ ಲೋನಿನ ಇಎಂಐ, ಮಗಳ ಪಿಯುಸಿ, ಅಪ್ಪನ ಶುಗರ್ ರಿಪೋರ್ಟು, ಬೆಳಿಗ್ಗೆ ಮೀಟಿಂಗಲ್ಲಿ ಎಲ್ಲರ ಮುಂದೆ ಮ್ಯಾನೇಜರ್ ಅಂದ ಒಂದು ಮಾತು, ಯಾವತ್ತೋ ಯಾರ ಮದುವೇಲೋ ಓರಗಿತ್ತಿ ಆಡಿದ ಇನ್ನೊಂದು ಮಾತು, ಹಗಲೆಲ್ಲ ಕೆಲಸದ ಅಡಿ ಮುಚ್ಚಿಹೋಗಿದ್ದೆಲ್ಲ ಕತ್ತಲಾದ ತಕ್ಷಣ ಒಂದರ ಹಿಂದೆ ಒಂದು ಎದ್ದು ಬರುತ್ತೆ, ಆ ಕಡೆ ತಿರುಗಿ ಈ ಕಡೆ ತಿರುಗಿ ಮೊಬೈಲ್ ನೋಡಿದ್ರೆ ಒಂದೂವರೆ. ಪಕ್ಕದಲ್ಲಿ ಮಲಗಿದವರು "ಯಾಕ್ರೀ, ಇನ್ನೂ ನಿದ್ದೆ ಬಂದಿಲ್ವಾ, ಏನೂ ಯೋಚ್ನೆ ಮಾಡ್ದೆ ಸುಮ್ನೆ ಮಲ್ಕೊಳ್ಳಿ" ಅಂತಾರೆ. ಪ್ರೀತಿಯಿಂದಾನೇ ಹೇಳ್ತಾರೆ, ಆದ್ರೆ ಅದು ಆಗೋ ಮಾತಲ್ಲ.

ಯಾಕೆ ಆಗಲ್ಲ ಅನ್ನೋದನ್ನ ಮೊದಲು ತಿಳ್ಕೊಂಡ್ರೆ ಮುಂದಿನದೆಲ್ಲ ಸುಲಭ. ಅಮೆರಿಕದ ಮನಃಶಾಸ್ತ್ರಜ್ಞ ಡೇನಿಯಲ್ ವೆಗ್ನರ್ ಮತ್ತು ಅವರ ಜೊತೆಯವರು 1987ರಲ್ಲಿ ಒಂದು ಪ್ರಯೋಗದ ವರದಿ ಪ್ರಕಟಿಸಿದ್ರು. ಕಾಲೇಜು ವಿದ್ಯಾರ್ಥಿಗಳನ್ನ ಕೂರಿಸಿ, ಐದು ನಿಮಿಷ ಬಿಳಿ ಕರಡಿ ಬಗ್ಗೆ ಯೋಚ್ನೆ ಮಾಡ್ಬೇಡಿ, ಬಂದ್ರೆ ಮಾತ್ರ ಬೆಲ್ ಒತ್ತಿ ಅಂದ್ರು. ಬೆಲ್ ಮತ್ತೆ ಮತ್ತೆ ಬಾರಿಸ್ತಾನೇ ಇತ್ತು. ಅದಕ್ಕಿಂತ ಮುಖ್ಯ ಆಮೇಲೆ ಆಗಿದ್ದು: ಈಗ ಬೇಕಾದ್ರೆ ಕರಡಿ ಬಗ್ಗೆ ಯೋಚ್ನೆ ಮಾಡಿ ಅಂದಾಗ, ಮೊದಲು ತಡೆ ಹಿಡಿದಿದ್ದವರಿಗೆ ಅದು ಇನ್ನೂ ಜಾಸ್ತಿ ಬಂತು, ಮೊದಲಿಂದಾನೇ ಯೋಚ್ನೆ ಮಾಡೋಕೆ ಬಿಟ್ಟಿದ್ದವರಿಗಿಂತ. ಯೋಚ್ನೇನ ಒತ್ತಿ ಇಡ್ಬೇಕು ಅಂದ್ರೆ ಅದು ಬಂತಾ ಬಂತಾ ಅಂತ ಮನಸ್ಸಿನ ಒಂದು ಭಾಗ ಕಾಯ್ತಾನೇ ಇರ್ಬೇಕಾಗುತ್ತೆ, ಆ ಕಾಯೋದೇ ಅದನ್ನ ಕರ್ಕೊಂಡು ಬರುತ್ತೆ. ಹಾಗಾಗಿ ರಾತ್ರಿ ಒಂದು ಗಂಟೆಗೆ "ನಾನು ಆ ವಿಷ್ಯ ಯೋಚ್ನೆ ಮಾಡಲ್ಲ" ಅಂತ ಹಲ್ಲು ಕಚ್ಚಿ ಮಲಗೋದು ನಿಮ್ಮ ಮೇಲೆ ನೀವೇ ಹಾಕ್ಕೊಳ್ಳೋ ಹೊರೆ, ನಿಮ್ಮಲ್ಲಿ ಮನೋಬಲ ಕಮ್ಮಿ ಇರೋದ್ರಿಂದ ಸೋಲ್ತಿದೀರಿ ಅಂತ ದಯವಿಟ್ಟು ಅಂದ್ಕೋಬೇಡಿ.

ಮೈಂಡ್‌ಫುಲ್‌ನೆಸ್‌ನಲ್ಲಿ ಮಾಡೋದು ಬೇರೆ. ಯೋಚ್ನೆ ಬರ್ಲಿ, ಬಂದಿದ್ದು ಗೊತ್ತಾಗ್ಲಿ, ಅದರ ಹಿಂದೆ ಹೋಗೋದು ಬೇಡ, ಸದ್ಯ ಇಲ್ಲಿ ಏನಿದೆಯೋ ಅಲ್ಲಿಗೆ ವಾಪಸ್ ಬರೋಣ. ಇಷ್ಟೇ. ಬೆಳಿಗ್ಗೆ ಬೀದೀಲಿ ಸೊಪ್ಪಿನವರು ಕೂಗ್ಕೊಂಡು ಹೋಗ್ತಾರಲ್ಲ, ಕೂಗು ಕೇಳುತ್ತೆ, ಯಾರೂ ಕಿವಿ ಮುಚ್ಕೊಳ್ಳಲ್ಲ, ಬೇಕಾದ ದಿನ ಆಚೆ ಹೋಗಿ ತಗೋತೀವಿ, ಬೇಡದ ದಿನ ಆ ಕೂಗು ಹಾಗೇ ಮುಂದಿನ ಕ್ರಾಸ್ ಕಡೆ ಹೋಗುತ್ತೆ. ಯೋಚ್ನೆ ಜೊತೆಗೂ ಅಷ್ಟೇ ಸಂಬಂಧ ಸಾಕು, ಪ್ರತಿ ಕೂಗಿಗೂ ಗೇಟ್ ತೆಗೀಬೇಕಾಗಿಲ್ಲ.

ಇದರ ಬೇರು ಬೌದ್ಧರ ಧ್ಯಾನ ಪದ್ಧತಿಯಲ್ಲಿದೆ, ಉಸಿರನ್ನ, ಮೈಯನ್ನ, ಮನಸ್ಸಿನ ಸ್ಥಿತಿಯನ್ನ ಗಮನಿಸೋದು ಅಲ್ಲಿ ಸಾವಿರಾರು ವರ್ಷದ ಅಭ್ಯಾಸ. ಆಸ್ಪತ್ರೆಗೆ ಇದನ್ನ ತಂದವರಲ್ಲಿ ಮುಖ್ಯವಾದವರು ಜಾನ್ ಕಬಟ್-ಜಿನ್, 1979ರಲ್ಲಿ ಮ್ಯಾಸಚೂಸೆಟ್ಸ್ ಯೂನಿವರ್ಸಿಟಿಯ ಮೆಡಿಕಲ್ ಸ್ಕೂಲ್‌ನಲ್ಲಿ, ಔಷಧಿಯಿಂದ ಪೂರ್ತಿ ಗುಣ ಕಾಣದ ದೀರ್ಘಕಾಲದ ನೋವು ಇರೋರಿಗೆ ಅಂತ ಒಂದು ತರಬೇತಿ ಶುರು ಮಾಡಿದ್ರು, ಅದೇ ಮುಂದೆ ಎಂಟು ವಾರದ ಕೋರ್ಸ್ ಆಯ್ತು. ಆಮೇಲೆ ಸೀಗಲ್, ವಿಲಿಯಮ್ಸ್, ಟೀಸ್‌ಡೇಲ್ ಅನ್ನೋ ಮೂವರು ಅದನ್ನ ಖಿನ್ನತೆಗೆ ಒಗ್ಗಿಸಿದ್ರು. ಪದೇ ಪದೇ ಡಿಪ್ರೆಶನ್ ಬಂದು ಹೋಗೋರಿಗೆ ಅದು ಮತ್ತೆ ಮರುಕಳಿಸದ ಹಾಗೆ ನೋಡ್ಕೊಳ್ಳೋಕೆ ಬ್ರಿಟನ್ನಿನ ಅಧಿಕೃತ ಚಿಕಿತ್ಸಾ ಮಾರ್ಗಸೂಚಿಯೇ ಇದನ್ನ ಶಿಫಾರಸು ಮಾಡುತ್ತೆ. ಇತಿಹಾಸ ಇಷ್ಟು ಸಾಕು, ಈಗ ಮಾಡೋದು ಹೇಗೆ ಅಂತ ನೋಡೋಣ.

ಮೊದಲನೇ ಹೆಜ್ಜೆ: ಕೆಲಸ ಕೇಳೋ ಯೋಚ್ನೆ ಯಾವುದು, ಸುಮ್ನೆ ಸುತ್ತೋ ಯೋಚ್ನೆ ಯಾವುದು

ಎಲ್ಲಾ ಯೋಚ್ನೇನೂ ಬಿಟ್ಟುಬಿಡಿ ಅಂತ ಹೇಳೋರ ಮಾತು ನಂಗೆ ಒಪ್ಪಿಗೆ ಇಲ್ಲ. ಗ್ಯಾಸ್ ಬುಕ್ ಮಾಡಿಲ್ಲ, ಸ್ಕೂಲ್ ಫೀಸ್ ಲಾಸ್ಟ್ ಡೇಟ್ ಹತ್ರ ಬಂತು ಅನ್ನೋ ಯೋಚ್ನೆ ಬರೋದು ಒಳ್ಳೇದೇ, ಅದಕ್ಕೆ ಒಂದು ಕೆಲಸ ಆಗ್ಬೇಕಿದೆ ಅಷ್ಟೇ, ಆ ಕೆಲಸ ಎಲ್ಲೂ ಬರೆದಿಟ್ಟಿಲ್ಲ ಅನ್ನೋ ಕಾರಣಕ್ಕೆ ತಲೆ ಅದನ್ನ ಹೊತ್ಕೊಂಡು ಓಡಾಡ್ತಿದೆ. ಇನ್ನೊಂದು ಜಾತಿ ಯೋಚ್ನೆ ಇದೆ, "ಅವ್ರು ಹಂಗ್ಯಾಕೆ ಅಂದ್ರು", "ಎಲ್ಲಾದ್ರೂ ಹಿಂಗಾದ್ರೆ", "ನಾನು ಆವತ್ತು ಆ ಕೆಲಸ ಬಿಡ್ಬಾರ್ದಿತ್ತು", ಇದಕ್ಕೆ ಇವತ್ತು ರಾತ್ರಿ ಮಾಡೋ ಕೆಲಸ ಅಂತ ಏನೂ ಇಲ್ಲ, ಎಷ್ಟು ಸಲ ಸುತ್ತಿದ್ರೂ ಶುರುವಾದ ಜಾಗಕ್ಕೇ ಬರುತ್ತೆ. ಎರಡನ್ನೂ ಒಂದೇ ಥರ ನೋಡಿದ್ರೆ ಎರಡೂ ಕೆಡುತ್ತೆ.

ಅದಕ್ಕೇ ಧ್ಯಾನಕ್ಕಿಂತ ಮುಂಚೆ ಪೇಪರ್ ಪೆನ್ನು. ಮಲಗೋಕೆ ಒಂದರ್ಧ ಗಂಟೆ ಮುಂಚೆ, ಐದು ನಿಮಿಷ, ಹಾಳೇಲೇ ಬರೀರಿ, ಮೊಬೈಲ್ ನೋಟ್ಸ್ ಬೇಡ, ಯಾಕಂದ್ರೆ ಮೊಬೈಲ್ ಕೈಗೆ ಬಂದ್ರೆ ವಾಟ್ಸಾಪ್‌ಗೂ ಕೈ ಹೋಗುತ್ತೆ. ನಾಳೆಯಿಂದ ಆಗ್ಬೇಕಾದ ಕೆಲಸಗಳನ್ನ ಬರೀರಿ, ಮತ್ತೆ ಪ್ರತಿಯೊಂದರ ಮುಂದೆ ಮೊದಲ ಕೆಲಸ ಏನು ಅಂತ ಬರೀರಿ. "ಅಪ್ಪನ ಶುಗರ್" ಅಂತ ಬರೆದು ಬಿಟ್ರೆ ಅದು ಇನ್ನೂ ಚಿಂತೇನೇ, "ಬೆಳಿಗ್ಗೆ ಹತ್ತಕ್ಕೆ ಕ್ಲಿನಿಕ್‌ಗೆ ಫೋನ್ ಮಾಡಿ ಅಪಾಯಿಂಟ್‌ಮೆಂಟ್ ತಗೊಳ್ಳೋದು" ಅಂತ ಬರೆದ್ರೆ ಅದು ಕೆಲಸ ಆಯ್ತು. ಅಮೆರಿಕದ ಬೇಲರ್ ಯೂನಿವರ್ಸಿಟಿಯವರು 57 ಜನರನ್ನ ನಿದ್ರೆ ಪ್ರಯೋಗಾಲಯದಲ್ಲಿ ಮಲಗಿಸಿ ಇದನ್ನೇ ನೋಡಿದ್ರು, 2018ರಲ್ಲಿ ಫಲಿತಾಂಶ ಬಂತು: ಮುಂದೆ ಮಾಡ್ಬೇಕಾದ್ದನ್ನ ಐದು ನಿಮಿಷ ಬರೆದವರು, ಆಗಲೇ ಮಾಡಿ ಮುಗಿಸಿದ್ದನ್ನ ಬರೆದವರಿಗಿಂತ ಸರಾಸರಿ ಒಂಬತ್ತು ನಿಮಿಷ ಬೇಗ ನಿದ್ದೆಗೆ ಜಾರಿದ್ರು, ಬಿಡಿಬಿಡಿಯಾಗಿ ಜಾಸ್ತಿ ಬರೆದಷ್ಟೂ ಬೇಗ. ಚಿಕ್ಕ ಅಧ್ಯಯನ ನಿಜ, ಆದ್ರೆ ಖರ್ಚಿಲ್ಲದ ಉಪಾಯ, ಮಾಡಿ ನೋಡೋದ್ರಲ್ಲಿ ಕಳ್ಕೊಳ್ಳೋದೇನಿಲ್ಲ.

ಸುಮ್ನೆ ಸುತ್ತೋ ಯೋಚ್ನೆಗೆ ಹಗಲಲ್ಲೇ ಒಂದು ಹೊತ್ತು ಗೊತ್ತು ಮಾಡ್ಕೊಳ್ಳಿ. ಸಂಜೆ ಆರರಿಂದ ಆರೂವರೆ ಅನ್ಕೊಳ್ಳಿ, ಒಂದೇ ಕುರ್ಚಿ, ಒಂದೇ ಜಾಗ, ಅಲ್ಲಿ ಕೂತು ಚಿಂತೆ ಮಾಡಿ, ಬೇಕಂತಲೇ ಮಾಡಿ. ಬೇರೆ ಹೊತ್ತಲ್ಲಿ ಅದೇ ಚಿಂತೆ ಬಂದ್ರೆ "ಸಂಜೆ ಆರಕ್ಕೆ ನೋಡೋಣ" ಅಂತ ಮುಂದಕ್ಕೆ ಹಾಕಿ. ಇದು ಥಾಮಸ್ ಬೋರ್ಕೋವೆಕ್ ಅನ್ನೋರು 1983ರಲ್ಲೇ ಪರೀಕ್ಷೆ ಮಾಡಿದ ವಿಧಾನ, ಅತಿಯಾಗಿ ಚಿಂತೆ ಮಾಡೋರಿಗೆ ಇವತ್ತಿಗೂ ಕೌನ್ಸೆಲರ್‌ಗಳು ಹೇಳಿಕೊಡ್ತಾರೆ. ಬೇಡ ಅನ್ನೋದಕ್ಕಿಂತ ಆಮೇಲೆ ಅನ್ನೋದು ಮನಸ್ಸಿಗೆ ಸುಲಭ. ಆರು ಗಂಟೆಗೆ ಕೂತಾಗ ಎಷ್ಟೋ ಚಿಂತೆ ಆಗಲೇ ಬಿಸಿ ಕಳ್ಕೊಂಡಿರುತ್ತೆ.

ಎರಡನೇ ಹೆಜ್ಜೆ: ತಲೆಯಿಂದ ಮೈಗೆ ಇಳಿಯೋದು

ಯೋಚ್ನೆ ಜೊತೆ ಯೋಚ್ನೇಲೇ ವಾದ ಮಾಡಿದ್ರೆ ಯೋಚ್ನೇನೇ ಗೆಲ್ಲೋದು, ಅದಕ್ಕೆ ಗಮನಕ್ಕೆ ಬೇರೆ ಒಂದು ಜಾಗ ಬೇಕು, ಆ ಜಾಗ ಮೈ. ಮೈ ಯಾವತ್ತೂ ನಿನ್ನೇಲೂ ಇರಲ್ಲ ನಾಳೇಲೂ ಇರಲ್ಲ.

ಕುರ್ಚಿ ಮೇಲೆ ಕೂತ್ಕೊಳ್ಳಿ, ಪದ್ಮಾಸನ ಏನೂ ಬೇಡ, ಮಂಡಿ ನೋವಿರೋರು ನೆಲದ ಮೇಲೆ ಕೂತು ಒದ್ದಾಡೋ ಅವಶ್ಯಕತೆಯೇ ಇಲ್ಲ. ಎರಡೂ ಪಾದ ನೆಲಕ್ಕೆ ತಾಗ್ಲಿ, ಚಪ್ಪಲಿ ಇಲ್ದೆ. ನೆಲ ತಣ್ಣಗಿದೆಯಾ, ಹಿಮ್ಮಡಿ ಹತ್ರ ಜಾಸ್ತಿ ಒತ್ತುತ್ತಾ ಇದೆಯಾ ಬೆರಳ ಹತ್ರಾನಾ, ಇದನ್ನ ಯೋಚ್ನೆ ಮಾಡಿ ಹೇಳೋದಲ್ಲ, ಅಲ್ಲಿಗೇ ಹೋಗಿ ನೋಡೋದು. ಆಮೇಲೆ ತೊಡೆ ಕುರ್ಚಿಗೆ ತಾಗಿರೋ ಜಾಗ, ಆಮೇಲೆ ಕೈ ಒಂದರ ಮೇಲೊಂದು ಇದ್ರೆ ಅದರ ಬಿಸಿ. ಇಷ್ಟು ಆದ್ಮೇಲೆ ಉಸಿರು. ಉಸಿರನ್ನ ನೀವು ಎಳೆದು ಬಿಡೋದು ಬೇಡ, ಅದು ತಾನಾಗೇ ಓಡಾಡ್ತಿದೆ, ಎಲ್ಲಿ ಚೆನ್ನಾಗಿ ಗೊತ್ತಾಗುತ್ತೋ ಅಲ್ಲಿ ಗಮನ ಇಡಿ, ಕೆಲವರಿಗೆ ಮೂಗಿನ ತುದಿ, ಕೆಲವರಿಗೆ ಹೊಟ್ಟೆ ಏರಿ ಇಳಿಯೋದು. ತುಂಬಾ ಗಾಬರಿ ಇರೋ ದಿನ ಮಾತ್ರ ಮೊದಲ ಒಂದೆರಡು ನಿಮಿಷ ಬೇಕಂತಲೇ ಉಸಿರು ಬಿಡೋದನ್ನ ಉದ್ದ ಮಾಡಿ, ಒಳಗೆ ತಗೊಳ್ಳುವಾಗ ಮನಸ್ಸಲ್ಲೇ ನಾಲ್ಕು ಎಣಿಸಿದ್ರೆ ಬಿಡುವಾಗ ಆರು. ಉಸಿರು ಬಿಡುವಾಗ ಎದೆಬಡಿತ ಸ್ವಲ್ಪ ನಿಧಾನ ಆಗುತ್ತೆ, ಅದು ದೇಹದ ಸಹಜ ವ್ಯವಸ್ಥೆ, ಉದ್ದ ಬಿಟ್ಟಷ್ಟೂ ಮೈ ಆ ಕಡೆ ವಾಲುತ್ತೆ.

ಒಂದು ಮಾತು ಇಲ್ಲಿ ಹೇಳ್ಲೇಬೇಕು. ಉಸಿರಿನ ಮೇಲೆ ಗಮನ ಇಟ್ರೆ ಕೆಲವರಿಗೆ ಗಾಬರಿ ಜಾಸ್ತಿ ಆಗುತ್ತೆ, ಅಸ್ತಮಾ ಇದ್ದೋರಿಗೆ, ಪ್ಯಾನಿಕ್ ಆಗೋರಿಗೆ. ಅವರು ಉಸಿರನ್ನ ಬಿಟ್ಟು ಪಾದದಲ್ಲೇ ಇರಿ, ಇಲ್ಲಾಂದ್ರೆ ಸದ್ದು ಕೇಳಿ, ಫ್ಯಾನ್ ಸದ್ದು, ದೂರದ ಬಸ್ಸು, ಪಕ್ಕದ ಮನೆ ಕುಕ್ಕರ್ ಸೀಟಿ. ಉಸಿರೇ ಆಗ್ಬೇಕು ಅಂತ ಯಾವ ನಿಯಮಾನೂ ಇಲ್ಲ.

ಮೂರನೇ ಹೆಜ್ಜೆ: ಬಂದ ಯೋಚ್ನೆಗೆ ಹೆಸರಿಡಿ

ನಂಗೆ ಇಡೀ ಅಭ್ಯಾಸದಲ್ಲಿ ಎಲ್ಲಕ್ಕಿಂತ ಉಪಯೋಗ ಅನ್ಸೋದು ಇದು, ಹಾಗಾಗಿ ಸ್ವಲ್ಪ ಉದ್ದ ಬರೀತೀನಿ. ಒಂದು ಸಂದರ್ಭ ತಗೊಳ್ಳೋಣ. ರಾತ್ರಿ ಒಂಬತ್ತೂವರೆಗೆ ಮ್ಯಾನೇಜರ್‌ದು ಒಂದು ಮೆಸೇಜ್: "ನಾಳೆ ಬಂದ ತಕ್ಷಣ ನನ್ನ ನೋಡಿ." ಇಷ್ಟೇ, ಮುಂದೆ ಏನಿಲ್ಲ. ನೀವು "ಓಕೆ ಸರ್" ಅಂತ ಹಾಕ್ತೀರಿ, ಬ್ಲೂ ಟಿಕ್ ಬರುತ್ತೆ, ಉತ್ತರ ಬರಲ್ಲ. ಅಲ್ಲಿಂದ ತಲೆ ಹೊರಡುತ್ತೆ. ಹೋದ ವಾರದ ರಿಪೋರ್ಟಲ್ಲಿ ಏನೋ ತಪ್ಪಾಗಿರ್ಬೇಕು, ಆ ಇನ್ನೊಬ್ರು ಏನೋ ಹೇಳಿರ್ತಾರೆ, ಈ ಸಲ ಅಪ್ರೈಸಲ್ ಹೋಯ್ತು, ಕೆಲಸಾನೇ ಹೋದ್ರೆ ಇಎಂಐ ಯಾರು ಕಟ್ಟೋದು, ಊರಲ್ಲಿ ಅಮ್ಮಂಗೆ ಏನ್ ಹೇಳೋದು, ನಾನು ಯಾವತ್ತೂ ಹಿಂಗೇ, ಯಾವ ಕೆಲಸಾನೂ ಸರಿಯಾಗಿ ಮಾಡಲ್ಲ. ಎರಡು ನಿಮಿಷದಲ್ಲಿ ಒಂದು ಸಾಲಿನ ಮೆಸೇಜಿಂದ ಇಡೀ ಜೀವನದ ಮೇಲೆ ತೀರ್ಪು ಬಂದಾಯ್ತು, ಮತ್ತೆ ಗಮನಿಸಿ, ಇದರಲ್ಲಿ ಆಗಿರೋದು ಅಂದ್ರೆ ಆ ಮೆಸೇಜ್ ಮಾತ್ರ, ಉಳಿದದ್ದೆಲ್ಲ ತಲೆ ಕಟ್ಟಿದ್ದು.

ಈಗ ಇದನ್ನ ನಿಲ್ಸೋಕೆ ಹೋಗ್ಬೇಡಿ, ಹೆಸರು ಹೇಳಿ. "ಕೆಲಸ ಹೋಗುತ್ತೆ" ಅನ್ನೋ ಬದಲು "ಕೆಲಸ ಹೋಗುತ್ತೆ ಅಂತ ಒಂದು ಯೋಚ್ನೆ ಬರ್ತಿದೆ" ಅಂತ ಮನಸ್ಸಲ್ಲೇ ಪೂರ್ತಿ ವಾಕ್ಯ ಹೇಳಿ. "ನಾನು ಯಾವ ಕೆಲಸಾನೂ ಸರಿಯಾಗಿ ಮಾಡಲ್ಲ ಅಂತ ಒಂದು ಯೋಚ್ನೆ ಬರ್ತಿದೆ." ಕೇಳೋಕೆ ಏನೂ ಇಲ್ಲ ಅನ್ಸುತ್ತೆ, ಆದ್ರೆ ಹೇಳಿದ ಕ್ಷಣ ಆ ಯೋಚ್ನೆ ಒಂದು ಕಡೆ, ಅದನ್ನ ನೋಡ್ತಿರೋ ನೀವು ಇನ್ನೊಂದು ಕಡೆ ಆಗ್ತೀರಿ, ಮಧ್ಯೆ ಒಂಚೂರು ಜಾಗ ಹುಟ್ಟುತ್ತೆ. ಅಭ್ಯಾಸ ಆದ್ಮೇಲೆ ಉದ್ದ ವಾಕ್ಯನೂ ಬೇಡ, ಒಂದೊಂದು ಪದ ಸಾಕು: ಭಯ, ಪ್ಲಾನಿಂಗ್, ನೆನಪು, ಜಗಳ, ಹೋಲಿಕೆ. ಬೇರೆಯವರ ಜೊತೆ ಮನಸ್ಸಲ್ಲೇ ವಾದ ಮಾಡ್ತಿದ್ರೆ "ಜಗಳ". ಪಕ್ಕದ ಮನೆಯವರು ಕಾರ್ ತಗೊಂಡ್ರು ಅನ್ನೋದು ಸುತ್ತುತ್ತಿದ್ರೆ "ಹೋಲಿಕೆ". ಹೆಸರಿಡುವಾಗ ದನಿ ಹೇಗಿರ್ಬೇಕು ಅನ್ನೋದು ಮುಖ್ಯ, "ಥೂ ಮತ್ತೆ ಶುರುವಾಯ್ತು" ಅನ್ನೋ ದನಿ ಬೇಡ, ಮಗು ಅಳ್ತಿದ್ರೆ ಅಜ್ಜಿ "ಹೊಟ್ಟೆ ಹಸ್ದಿದೆ ಕಣಮ್ಮ ಅದಕ್ಕೆ" ಅಂತಾರಲ್ಲ ಆ ದನಿ.

ಹೆಸರಿಡೋದಕ್ಕೆ ಯಾಕೆ ಬಲ ಇದೆ ಅನ್ನೋದಕ್ಕೂ ಸ್ವಲ್ಪ ಆಧಾರ ಇದೆ. 2007ರಲ್ಲಿ ಮ್ಯಾಥ್ಯೂ ಲೀಬರ್‌ಮನ್ ತಂಡ ಮಿದುಳಿನ ಸ್ಕ್ಯಾನ್ ಮಾಡ್ತಾ ಜನರಿಗೆ ಭಯ, ಕೋಪ ಇರೋ ಮುಖಗಳ ಫೋಟೋ ತೋರಿಸಿದ್ರು. ಆ ಭಾವನೆಗೆ ಸರಿಯಾದ ಪದ ಆರಿಸಿದಾಗ ಭಯಕ್ಕೆ ಸಂಬಂಧಪಟ್ಟ ಅಮಿಗ್ಡಲಾ ಅನ್ನೋ ಭಾಗದ ಚಟುವಟಿಕೆ ಕಮ್ಮಿ ಆಗಿತ್ತು.

ನಾಲ್ಕನೇ ಹೆಜ್ಜೆ: ಬಿಡೋದು, ವಾಪಸ್ ಬರೋದು

ಹೆಸರಿಟ್ಟ ಮೇಲೆ ಆ ಯೋಚ್ನೆ ಮೈಯಲ್ಲಿ ಎಲ್ಲಿ ಕೂತಿದೆ ನೋಡಿ. ಯಾವಾಗ್ಲೂ ಎಲ್ಲೋ ಒಂದು ಕಡೆ ಬಿಗಿ ಇರುತ್ತೆ, ದವಡೆ, ಹುಬ್ಬಿನ ಮಧ್ಯೆ, ಕುತ್ತಿಗೆ ಹಿಂದೆ, ಹೊಟ್ಟೆ. ದವಡೆ ಬಿಗಿ ಆಗಿದ್ರೆ ಹಲ್ಲುಗಳ ಮಧ್ಯೆ ಸ್ವಲ್ಪ ಸಂದು ಬಿಡಿ, ನಾಲಿಗೆ ಸಡಿಲ ಬಿಡಿ, ಭುಜ ಕಿವಿ ಹತ್ರ ಏರಿ ಕೂತಿದ್ರೆ ಉಸಿರು ಬಿಡ್ತಾ ಇಳಿಸಿ. ಸಡಿಲ ಆಗ್ಲಿಲ್ವಾ, ಪರವಾಗಿಲ್ಲ, ಬಿಗಿ ಇದೆ ಅಂತ ಗೊತ್ತಾದ್ರೂ ಸಾಕು. ಆಮೇಲೆ ಮೆತ್ತಗೆ ಪಾದಕ್ಕೋ ಉಸಿರಿಗೋ ವಾಪಸ್ ಬನ್ನಿ. ಹತ್ತು ಸೆಕೆಂಡಲ್ಲಿ ಅದೇ ಯೋಚ್ನೆ ಮತ್ತೆ ಬರುತ್ತೆ. ಖಂಡಿತ ಬರುತ್ತೆ. ಮತ್ತೆ ಹೆಸರು, ಮತ್ತೆ ವಾಪಸ್.

ಇಲ್ಲೇ ಹೆಚ್ಚಿನವರು ಕೈಬಿಡೋದು, "ನಂಗೆ ಧ್ಯಾನ ಆಗಲ್ಲ ಬಿಡಿ, ಕಣ್ಣು ಮುಚ್ಚಿದ್ರೆ ಯೋಚ್ನೇನೇ" ಅಂತ. ಮನಸ್ಸು ಅಲೆಯೋದು ಅದರ ಸಹಜ ಕೆಲಸ. 2010ರಲ್ಲಿ ಹಾರ್ವರ್ಡ್‌ನ ಕಿಲ್ಲಿಂಗ್ಸ್‌ವರ್ತ್ ಮತ್ತು ಗಿಲ್ಬರ್ಟ್ ಅನ್ನೋರು ಫೋನ್ ಆ್ಯಪ್ ಮೂಲಕ 2,250 ಜನರನ್ನ ದಿನದ ಬೇರೆ ಬೇರೆ ಹೊತ್ತಲ್ಲಿ, ಈಗ ಏನ್ ಮಾಡ್ತಿದೀರಿ, ಮನಸ್ಸು ಅದರಲ್ಲೇ ಇದೆಯಾ ಅಂತ ಕೇಳಿದ್ರು. ಸುಮಾರು 47% ಸಲ ಮನಸ್ಸು ಬೇರೆ ಎಲ್ಲೋ ಇತ್ತು. ಹಾಗಿರೋವಾಗ ಐದು ನಿಮಿಷ ಕೂತು ಮೂವತ್ತು ಸಲ ಮನಸ್ಸು ಹೋಯ್ತು ಅಂದ್ರೆ ಮೂವತ್ತು ಸಲ ವಾಪಸ್ ಬಂದ್ರಿ ಅಂತ ಅರ್ಥ, ಅಭ್ಯಾಸ ಅನ್ನೋದು ಆ ವಾಪಸ್ ಬರೋದೇ. ಖಾಲಿ ಮನಸ್ಸು ಬರ್ಬೇಕು ಅಂತ ಕಾಯ್ಬೇಡಿ, ಶಾಂತಿ ಬಂತಾ ಅಂತ ಎರಡು ನಿಮಿಷಕ್ಕೊಮ್ಮೆ ಚೆಕ್ ಮಾಡ್ಬೇಡಿ, ಆ ಚೆಕ್ ಮಾಡೋದೂ ಇನ್ನೊಂದು ಯೋಚ್ನೇನೇ.

ಐದನೇ ಹೆಜ್ಜೆ: ಹಗಲಲ್ಲಿ ಕಲೀರಿ

ಒಂದೂವರೆ ರಾತ್ರೀಲಿ ಮೊದಲನೇ ಸಲ ಇದನ್ನ ಮಾಡೋಕೆ ಹೋದ್ರೆ ಆಗಲ್ಲ. ಮನಸ್ಸು ಸ್ವಲ್ಪ ತಣ್ಣಗಿರೋ ಹೊತ್ತಲ್ಲಿ ಕಲಿತ್ರೆ ಮಾತ್ರ ಬಿಸಿ ಹೊತ್ತಲ್ಲಿ ಕೈಗೆ ಸಿಗೋದು. ಎಂಟು ವಾರದ ಆ ಕೋರ್ಸ್‌ಗಳಲ್ಲಿ ಮನೇಲಿ ದಿನಕ್ಕೆ ಮುಕ್ಕಾಲು ಗಂಟೆ ಅಭ್ಯಾಸ ಕೊಡ್ತಾರೆ, ಮಕ್ಕಳನ್ನ ಸ್ಕೂಲಿಗೆ ಕಳಿಸಿ ಎಂಟೂವರೆ ಬಸ್ ಹಿಡಿಯೋರಿಗೆ ಅದು ಹೇಳಿದಷ್ಟು ಸುಲಭ ಅಲ್ಲ ಅಂತ ಗೊತ್ತು. ಐದು ನಿಮಿಷದಿಂದ ಶುರು ಮಾಡಿ, ಪ್ರತಿದಿನ, ಒಂದೇ ಹೊತ್ತಿಗೆ, ಕಾಫಿ ಕುಡಿದ ತಕ್ಷಣ ಅಂತ ಇಟ್ಕೊಂಡ್ರೆ ಮರೆಯಲ್ಲ. ಭಾನುವಾರ ಒಂದೇ ಸಲ ಒಂದು ಗಂಟೆ ಕೂತು ವಾರವೆಲ್ಲ ಬಿಡೋದಕ್ಕಿಂತ ಇದು ಎಷ್ಟೋ ಮೇಲು.

ಕೂರೋಕೇ ಟೈಮ್ ಇಲ್ಲ ಅನ್ನೋರು ಪಾತ್ರೆ ತೊಳೆಯುವಾಗ ಮಾಡಿ. ನಿಜವಾಗ್ಲೂ ಹೇಳ್ತಿದೀನಿ, ಇದಕ್ಕಿಂತ ಒಳ್ಳೆ ಜಾಗ ಸಿಗಲ್ಲ. ನಲ್ಲಿ ತಿರುಗಿಸಿದಾಗ ನೀರು ಮೊದಲು ಬೆರಳಿಗೆ ತಾಗೋ ತಣ್ಣಗಿನದು, ಸೋಪ್ ಹಾಕಿದ ಮೇಲೆ ಸ್ಟೀಲ್ ತಟ್ಟೆ ಕೈಯಿಂದ ಜಾರೋದು, ಹಾಲಿನ ಪಾತ್ರೆ ತಳ ಹಿಡಿದಿದ್ರೆ ಅಲ್ಲಿ ನಾರು ಉಜ್ಜುವಾಗ ಮಣಿಕಟ್ಟಿಗೆ ಬೀಳೋ ಶ್ರಮ, ಉಜ್ತಾ ಉಜ್ತಾ ಆ ಒರಟು ಹೋಗಿ ನುಣುಪಾಗೋದು ಬೆರಳಿಗೇ ಗೊತ್ತಾಗುತ್ತೆ, ತೊಳೆದು ಬೋರಲು ಹಾಕಿದಾಗಿನ ಸದ್ದು. ಮಧ್ಯೆ ಅತ್ತೆ ಬೆಳಿಗ್ಗೆ ಅಂದ ಮಾತು ನೆನಪಾಗುತ್ತೆ, ಕೈ ಜೋರಾಗಿ ಉಜ್ಜೋಕೆ ಶುರು ಮಾಡುತ್ತೆ, ಅದೂ ಗೊತ್ತಾಗುತ್ತೆ: "ಜಗಳ." ಮತ್ತೆ ನೀರಿಗೆ ಬನ್ನಿ. ಒಂದು ಸಿಂಕ್ ಪಾತ್ರೆ ಮುಗಿಯೋದ್ರೊಳಗೆ ಎಷ್ಟು ಸಲ ಹೋಗಿ ಬಂದ್ರಿ ಅನ್ನೋದು ಲೆಕ್ಕಕ್ಕಿಲ್ಲ. ಗಂಡಸರೂ ಈ ಅಭ್ಯಾಸ ಮಾಡ್ಬಹುದು, ಮಾಡ್ಲಿ, ಮನೆಯವರಿಗೂ ಒಂದು ಸಹಾಯ.

ಮನೆಯಿಂದ ಬಸ್‌ಸ್ಟಾಪ್‌ವರೆಗೆ ಇಯರ್‌ಫೋನ್ ಇಲ್ದೆ ನಡೆಯೋದು, ಸಿಗ್ನಲ್‌ನಲ್ಲಿ ನಿಂತಾಗ ಹ್ಯಾಂಡಲ್ ಮೇಲಿನ ಕೈ ಎಷ್ಟು ಬಿಗಿಯಾಗಿ ಹಿಡಿದಿದೀವಿ ಅಂತ ನೋಡೋದು, ಊಟದ ಮೊದಲ ಎರಡು ತುತ್ತು ಟಿವಿ ಮೊಬೈಲ್ ಇಲ್ದೆ ತಿನ್ನೋದು, ಇವೆಲ್ಲ ಆಗುತ್ತೆ.

ಆರನೇ ಹೆಜ್ಜೆ: ರಾತ್ರಿಗೆ

ಹಾಸಿಗೇಲಿ ಮಲಗಿದ ಮೇಲೆ ಮೈಯನ್ನ ಪಾದದಿಂದ ತಲೆವರೆಗೆ ಒಂದೊಂದೇ ಭಾಗ ಗಮನಿಸ್ತಾ ಬನ್ನಿ, ಬಾಡಿ ಸ್ಕ್ಯಾನ್ ಅಂತಾರೆ ಇದನ್ನ. ಎಡಗಾಲಿನ ಹೆಬ್ಬೆರಳು, ಉಳಿದ ಬೆರಳು, ಅಂಗಾಲು, ಹಿಮ್ಮಡಿ ಹಾಸಿಗೆಗೆ ಒತ್ತೋ ಜಾಗ, ಮೀನಖಂಡ, ಮಂಡಿ, ತೊಡೆ, ಆಮೇಲೆ ಬಲಗಾಲು, ಹೀಗೇ ಮೇಲಕ್ಕೆ. ಪ್ರತಿ ಜಾಗದಲ್ಲಿ ಒಂದೆರಡು ಉಸಿರಿನಷ್ಟು ಹೊತ್ತು ನಿಲ್ಲಿ. ಏನೂ ಗೊತ್ತಾಗದ ಜಾಗ ಇದ್ರೆ ಏನೂ ಗೊತ್ತಾಗ್ತಿಲ್ಲ ಅನ್ನೋದನ್ನೇ ಗಮನಿಸಿ ಮುಂದೆ ಹೋಗಿ. ಯೋಚ್ನೆ ಎಳ್ಕೊಂಡು ಹೋದ್ರೆ ಎಲ್ಲಿ ಬಿಟ್ಟಿದ್ರೋ ಅಲ್ಲಿಂದ, ನೆನಪಿಲ್ಲಾಂದ್ರೆ ಮಂಡಿಯಿಂದ, ಮತ್ತೆ ಶುರು. ಸೊಂಟದವರೆಗೆ ಬರೋದ್ರೊಳಗೆ ನಿದ್ದೆ ಬಂದ್ರೆ ಒಳ್ಳೇದೇ ಆಯ್ತು, ಆದ್ರೆ ನಿದ್ದೆ ಬರ್ಲಿ ಅಂತ ಮಾಡ್ಬೇಡಿ, ನಿದ್ದೇನ ಹಿಡಿಯೋಕೆ ಹೋದ್ರೆ ಅದು ದೂರ ಹೋಗುತ್ತೆ.

ಗಡಿಯಾರ ಕಣ್ಣಿಗೆ ಬೀಳದ ಕಡೆ ಇಡಿ, ಮೊಬೈಲ್ ಹಾಲ್‌ನಲ್ಲಿ ಚಾರ್ಜಿಗೆ ಹಾಕಿ. ಅಂದಾಜು ಇಪ್ಪತ್ತು ನಿಮಿಷ ಆದ್ರೂ ಎಚ್ಚರ ಇದ್ದು ತಲೆ ಓಡ್ತಾನೇ ಇದ್ರೆ ಎದ್ದು ಬೇರೆ ರೂಮಿಗೆ ಹೋಗಿ, ಮಂದ ಬೆಳಕಲ್ಲಿ ಕೂತು, ಬಟ್ಟೆ ಮಡಿಸೋದೋ ನಾಳೆಗೆ ಬೀನ್ಸ್ ನಾರು ತೆಗೆಯೋದೋ ಏನಾದ್ರೂ ಬೇಜಾರು ಹಿಡಿಸೋ ಕೆಲಸ ಮಾಡಿ, ಕಣ್ಣು ಎಳೆದಾಗ ಬಂದು ಮಲಗಿ. ಹಾಸಿಗೆ ಅಂದ್ರೆ ಒದ್ದಾಡೋ ಜಾಗ ಅಂತ ಮೈಗೆ ಅಭ್ಯಾಸ ಆಗ್ಬಾರ್ದು, ಅದಕ್ಕೆ ಇದು.

ತೀರಾ ಉಕ್ಕಿ ಬಂದಾಗ

ಎದೆ ಡವಡವ, ಕೈ ನಡುಕ, ಉಸಿರು ಕಟ್ಟಿದ ಹಾಗೆ, ಯೋಚ್ನೆ ಒಂದೂ ಪೂರ್ತಿ ಆಗ್ದೆ ಮೇಲಿಂದ ಮೇಲೆ ಬರ್ತಿದೆ, ಇಂಥ ಹೊತ್ತಲ್ಲಿ ಕಣ್ಣು ಮುಚ್ಚಿ ಒಳಗೆ ನೋಡ್ಬೇಡಿ, ಕಣ್ಣು ಬಿಟ್ಟು ಹೊರಗೆ ನೋಡಿ. ಕಾಣೋ ಐದು ವಸ್ತು ಹೆಸರಿಸಿ, ಬಾಯಿಬಿಟ್ಟೇ ಹೇಳಿ: ಕಿಟಕಿ, ಕ್ಯಾಲೆಂಡರ್, ಫ್ಯಾನು, ನೀರಿನ ಬಾಟ್ಲಿ, ಬಾಗಿಲ ಚಿಲಕ. ಮುಟ್ಟಿದ್ರೆ ಗೊತ್ತಾಗೋ ನಾಲ್ಕು, ಕೇಳೋ ಮೂರು ಸದ್ದು, ಎರಡು ವಾಸನೆ, ಬಾಯಲ್ಲಿರೋ ಒಂದು ರುಚಿ. ಎದ್ದು ನಡೀರಿ, ಮುಖಕ್ಕೆ ತಣ್ಣೀರು ಹಾಕ್ಕೊಳ್ಳಿ, ಮನೇಲಿ ಯಾರಾದ್ರೂ ಇದ್ರೆ "ಸ್ವಲ್ಪ ಹೊತ್ತು ನನ್ನ ಜೊತೆ ಕೂತ್ಕೊಳ್ಳಿ" ಅಂತ ಕೇಳಿ, ಕೇಳೋದ್ರಲ್ಲಿ ನಾಚಿಕೆ ಏನಿಲ್ಲ. ಎದೆ ನೋವು ಇದ್ರೆ, ಅದರಲ್ಲೂ ಮೊದಲನೇ ಸಲ ಆದ್ರೆ, ಇದು ಟೆನ್ಶನ್ ಅಷ್ಟೇ ಅಂತ ನೀವೇ ತೀರ್ಮಾನ ಮಾಡ್ಬೇಡಿ, ಆಸ್ಪತ್ರೆಗೆ ಹೋಗಿ ಇಸಿಜಿ ಮಾಡ್ಸಿ.

ಹಿಂದೆ ದೊಡ್ಡ ಆಘಾತ ಆಗಿರೋರಿಗೆ, ಅಪಘಾತ, ಹಲ್ಲೆ, ಲೈಂಗಿಕ ದೌರ್ಜನ್ಯ, ಹತ್ತಿರದವರ ದಿಢೀರ್ ಸಾವು, ಕಣ್ಣು ಮುಚ್ಚಿ ಸುಮ್ನೆ ಕೂತಾಗ ಆ ನೆನಪು ಇನ್ನೂ ಬಲವಾಗಿ ಬರ್ಬಹುದು. ಬಂದ್ರೆ ನಿಲ್ಸಿ, ತಡ್ಕೊಂಡು ಕೂರೋದು ಸಾಧನೆ ಅಲ್ಲ. ಅವರು ಇದನ್ನ ಒಬ್ಬ ಕೌನ್ಸೆಲರ್ ಜೊತೆ ಕಲಿಯೋದೇ ಸರಿ. ಇದೇ ಕಾರಣಕ್ಕೆ, ಯಾರೋ ಹೇಳಿದ್ರು ಅಂತ ಮನಸ್ಸು ತೀರಾ ಕುಸಿದಿರೋ ಹೊತ್ತಲ್ಲಿ ನೇರ ಹತ್ತು ದಿನದ ವಿಪಶ್ಯನ ಧ್ಯಾನ ಶಿಬಿರಕ್ಕೆ ಹೋಗೋದು ಬೇಡ ಅಂತ ನನ್ನ ಅಭಿಪ್ರಾಯ. ಶಿಬಿರ ಒಳ್ಳೇದೇ, ದುಡ್ಡು ಕೇಳಲ್ಲ, ಕಲಿತವರು ಕೊಟ್ಟ ದಾನದಲ್ಲಿ ನಡೆಯುತ್ತೆ. ಆದ್ರೆ ಬೆಳಗಿನ ಜಾವ ನಾಲ್ಕಕ್ಕೆ ಏಳೋದು, ದಿನಕ್ಕೆ ಹತ್ತು ಗಂಟೆ ಹತ್ರ ಕೂರೋದು, ಮಾತು ಪೂರ್ತಿ ಬಂದ್, ಮನಸ್ಸು ಹದಕ್ಕೆ ಬಂದ ಮೇಲೆ ಹೋದ್ರೆ ಲಾಭ. ಅರ್ಜಿಯಲ್ಲಿ ಮಾನಸಿಕ ಆರೋಗ್ಯದ ಬಗ್ಗೆ ಕೇಳ್ತಾರೆ, ಅಲ್ಲಿ ಮುಚ್ಚಿಡ್ದೆ ಬರೀರಿ.

ಇದರಿಂದ ಆಗದೇ ಇರೋದು

ಸಾಲ ಇದ್ರೆ ಪಾದ ಗಮನಿಸಿ ಸಾಲ ತೀರಲ್ಲ. ಆಫೀಸಲ್ಲಿ ದಿನಾ ಹನ್ನೆರಡು ಗಂಟೆ ದುಡಿಸ್ಕೊಂಡು "ನೀವು ಮೆಡಿಟೇಶನ್ ಮಾಡಿ" ಅಂತ ಹೇಳೋದು ನ್ಯಾಯ ಅಲ್ಲ, ಅಲ್ಲಿ ಬದಲಾಗ್ಬೇಕಾದ್ದು ಕೆಲಸದ ಹೊರೆ. ಮನೇಲಿ ಹೊಡೆತ ಬಡಿತ ಇದ್ರೆ ಅದನ್ನ ಉಸಿರು ಗಮನಿಸ್ತಾ ಸಹಿಸ್ಕೊಳ್ಳಿ ಅಂತ ಯಾರಾದ್ರೂ ಹೇಳಿದ್ರೆ ದಯವಿಟ್ಟು ಕೇಳ್ಬೇಡಿ, ಮಹಿಳಾ ಸಹಾಯವಾಣಿ 181ಕ್ಕೆ ಫೋನ್ ಮಾಡಿ. ಮೈಂಡ್‌ಫುಲ್‌ನೆಸ್ ಕೊಡೋದು ಸ್ವಲ್ಪ ತಿಳಿಯಾದ ತಲೆ, ಆ ತಲೇಲಿ ಯಾರನ್ನ ಕೇಳ್ಬೇಕು, ಯಾವುದಕ್ಕೆ ಇಲ್ಲ ಅನ್ಬೇಕು ಅನ್ನೋದು ಮುಂಚೆಗಿಂತ ಬೇಗ ಹೊಳೆಯುತ್ತೆ. ಡಾಕ್ಟರು ಕೊಟ್ಟ ಮಾತ್ರೆ ತಗೋತಿದ್ರೆ ಧ್ಯಾನ ಶುರು ಮಾಡಿದೆ ಅಂತ ಅದನ್ನ ನಿಲ್ಸೋ ಹಾಗಿಲ್ಲ, ಎರಡೂ ಜೊತೆಗೆ ನಡೀಲಿ.

ಮತ್ತೆ, ಎರಡು ವಾರಕ್ಕಿಂತ ಜಾಸ್ತಿ ದಿನದಿಂದ ಹೆಚ್ಚುಕಮ್ಮಿ ಪ್ರತಿದಿನ ಮನಸ್ಸು ಕುಗ್ಗಿದ್ರೆ, ಯಾವುದ್ರಲ್ಲೂ ಆಸಕ್ತಿ ಇಲ್ಲ ಅನ್ಸಿದ್ರೆ, ನಿದ್ದೆ ಊಟ ಕೆಟ್ಟಿದ್ರೆ, ಬದುಕೋದೇ ಬೇಡ ಅನ್ನೋ ಯೋಚ್ನೆ ಒಂದು ಸಲ ಬಂದಿದ್ರೂ ಸರಿ, ಈ ಲೇಖನದ ಹೆಜ್ಜೆಗಳನ್ನ ಆಮೇಲೆ ನೋಡ್ಕೊಳ್ಳೋಣ, ಮೊದಲು ಸಹಾಯ ತಗೊಳ್ಳಿ. ಕೇಂದ್ರ ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ 2022ರ ಅಕ್ಟೋಬರ್‌ನಿಂದ ಇದೆ, ನಂಬರ್ 14416, ಹಗಲು ರಾತ್ರಿ ಯಾವಾಗ ಬೇಕಾದ್ರೂ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡ್ಬಹುದು, ಬೆಂಗಳೂರಿನ ನಿಮ್ಹಾನ್ಸ್ ಇದರ ಮುಖ್ಯ ಕೇಂದ್ರ. ಊರಲ್ಲಿ ಇರೋರಿಗೆ ಜಿಲ್ಲಾ ಆಸ್ಪತ್ರೇಲಿ ಮನೋವೈದ್ಯರು ಸಿಗ್ತಾರೆ, ರಾಜ್ಯ ಸರ್ಕಾರದ ಮನೋಚೈತನ್ಯ ಕಾರ್ಯಕ್ರಮದಲ್ಲಿ ತಾಲ್ಲೂಕು ಆಸ್ಪತ್ರೆಗೂ ಮಂಗಳವಾರ ಬರೋ ವ್ಯವಸ್ಥೆ ಇದೆ, ಹೋಗೋ ಮುಂಚೆ ಆಸ್ಪತ್ರೇಲೋ ಆಶಾ ಕಾರ್ಯಕರ್ತೆಯರನ್ನೋ ಒಂದು ಮಾತು ಕೇಳಿ. ಫೋನಲ್ಲಿ ಏನ್ ಹೇಳ್ಬೇಕೋ ಗೊತ್ತಾಗ್ದೆ ಎಷ್ಟೋ ಜನ ನಂಬರ್ ಒತ್ತಿ ಕಟ್ ಮಾಡ್ತಾರೆ. "ಸುಮಾರು ದಿನದಿಂದ ನಿದ್ದೆ ಬರ್ತಿಲ್ಲ, ತಲೆ ತುಂಬಾ ಓಡುತ್ತೆ" ಅಷ್ಟು ಹೇಳಿದ್ರೆ ಸಾಕು, ಮುಂದಿಂದು ಆ ಕಡೆಯವರೇ ಒಂದೊಂದಾಗಿ ಕೇಳ್ತಾರೆ.